ಮೊದಲ ಸಂಬಳ, ಮೊದಲ ಕಂತು

ಕಳೆದ ವರ್ಷ ಸೀಟಿಗಾಗಿ ಎಲ್ಲರೂ ಓಡಾಡುವ ಹೊತ್ತಿನಲ್ಲಿ ಚಳ್ಳಕೆರೆ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಎರಡೂವರೆ ಎಕರೆ ಶೇಂಗಾ ಹೊಲ, ಎರಡು ಎಮ್ಮೆ. ಹುಡುಗಿಗೆ ಡಾಕ್ಟರಾಗುವ ಆಸೆ ಇತ್ತು, ನೀಟ್‌ನಲ್ಲಿ ಅಂಕ ಸಾಲಲಿಲ್ಲ. ಈಗ ಬೆಂಗಳೂರಿನ ಖಾಸಗಿ ಕಾಲೇಜೊಂದು ಬಿಎಸ್ಸಿ ಎಂಎಲ್‌ಟಿ ಸೀಟು ಕೊಡುತ್ತೇನೆಂದಿತ್ತು. ಎಂಎಲ್‌ಟಿ ಎಂದರೆ ವೈದ್ಯಕೀಯ ಪ್ರಯೋಗಾಲಯದ ತಂತ್ರಜ್ಞಾನ. "ಫೀಜು, ಹಾಸ್ಟೆಲ್ಲು ಎಲ್ಲ ಸೇರಿ ವರ್ಷಕ್ಕೆ ಒಂದು ಲಕ್ಷ ಅಂತಾರೆ. ಸಾಲ ಮಾಡಿದ್ರೆ ತೀರುತ್ತಾ ಸಾರ್?" ಎಂದು ಅಪ್ಪ ಕೇಳಿದರು. ಮಗಳು ಕಾಲೇಜಿನ ಬಣ್ಣದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದರಲ್ಲಿ ಕಟ್ಟಡದ ಚಿತ್ರ, ಯಂತ್ರಗಳ ಚಿತ್ರ, ಬಿಳಿ ಕೋಟಿನ ನಗುಮುಖಗಳು ಎಲ್ಲವೂ ಇದ್ದವು. ಕಳೆದ ವರ್ಷ ಓದಿ ಹೊರಬಿದ್ದವರ ಕೈಗೆ ತಿಂಗಳಿಗೆ ಎಷ್ಟು ಬರುತ್ತಿದೆ ಎಂಬ ಒಂದು ಸಾಲು ಮಾತ್ರ ಎಲ್ಲೂ ಇರಲಿಲ್ಲ.

ವೈದ್ಯರು, ದಾದಿಯರು ನಮ್ಮ ಕಣ್ಣಿಗೆ ಬೀಳುತ್ತಾರೆ. ರಕ್ತ ಪರೀಕ್ಷಿಸುವವರು, ಸ್ಕ್ಯಾನ್ ತೆಗೆಯುವವರು, ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವವರು, ಅರಿವಳಿಕೆ ತಂತ್ರಜ್ಞರು ಅಷ್ಟಾಗಿ ಬೀಳುವುದಿಲ್ಲ. ಇವರ ಓದನ್ನು ಒಟ್ಟಾಗಿ ಅಲೈಡ್ ಹೆಲ್ತ್ ಎನ್ನುತ್ತಾರೆ. ಇಂಥ ವೃತ್ತಿಗಳಿಗೆಲ್ಲ ಒಂದು ರಾಷ್ಟ್ರೀಯ ಆಯೋಗ ಬೇಕೆಂಬ ಕಾನೂನು ದೇಶದಲ್ಲಿ ಆದದ್ದು 2021ರಲ್ಲಿ. ಕರ್ನಾಟಕದಲ್ಲಿ ಹೆಚ್ಚಿನ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಸಾಮಾನ್ಯವಾಗಿ ಮೂರು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್.

ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕೂತೆವು. ರೈತರಿಗಿದ್ದ ಮೊದಲ ಭಯ ಹೊಲದ್ದು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ ನಾಲ್ಕು ಲಕ್ಷದವರೆಗೆ ಅಡಮಾನವೂ ಬೇಡ, ಹೊರಗಿನವರ ಜಾಮೀನೂ ಬೇಡ, ತಂದೆಯೋ ತಾಯಿಯೋ ಜೊತೆ ಸಾಲಗಾರರಾಗಿ ಸಹಿ ಹಾಕಿದರೆ ಸಾಕು ಎಂದಾಗ ಅವರ ಹೆಗಲು ಸ್ವಲ್ಪ ಇಳಿಯಿತು. ಆದರೆ ಪತ್ರ ಅಡವಿಡದೆ ತಂದ ಸಾಲಕ್ಕೂ ಬಡ್ಡಿ ಬೆಳೆಯುತ್ತದೆ. ಓದು ಮುಗಿದ ಮೇಲೂ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಎನ್ನುತ್ತಾರೆ. ಆ ಬಿಡುವಿನಲ್ಲಿ ಬಡ್ಡಿ ಸುಮ್ಮನಿರುವುದಿಲ್ಲ.

ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ, ಬಡ್ಡಿ ಶೇ 10 ಎಂದು ಹಿಡಿಯಿರಿ. ಮೊದಲ ವರ್ಷ ತೆಗೆದ ಲಕ್ಷ, ಕಂತು ಶುರುವಾಗುವ ಹೊತ್ತಿಗೆ ಐದು ವರ್ಷ ಹಳೆಯದಾಗಿರುತ್ತದೆ. ಅದರ ಸರಳ ಬಡ್ಡಿಯೇ 50,000. ಎರಡನೆಯದಕ್ಕೆ 40,000, ಆಮೇಲೆ 30,000, 20,000. ಒಟ್ಟು ಬಡ್ಡಿ 1 ಲಕ್ಷ 40 ಸಾವಿರ. ನಾಲ್ಕು ಲಕ್ಷದ ಸಾಲ ಐದು ಲಕ್ಷ 40 ಸಾವಿರವಾಗಿ ಬಾಗಿಲಲ್ಲಿ ನಿಂತಿರುತ್ತದೆ. ಅದನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 7,136 ರೂಪಾಯಿ. ಹದಿನೈದು ವರ್ಷಕ್ಕೆ ಹಿಗ್ಗಿಸಿದರೆ ಕಂತು 5,800ಕ್ಕೆ ಇಳಿಯುತ್ತದೆ. ಆಗ ಒಟ್ಟು ಕಟ್ಟುವ ಹಣ ಹತ್ತು ಲಕ್ಷ 40 ಸಾವಿರ ದಾಟುತ್ತದೆ. ಹುಡುಗಿ ಈ ಕೊನೆಯ ಅಂಕಿಗೆ ಎರಡು ಸಲ ಗೆರೆ ಎಳೆದಳು.

ಇನ್ನು ದುಡಿಮೆಯ ಕಡೆ. "ವರ್ಷಕ್ಕೆ ಎರಡು ಲಕ್ಷ ಹದಿನೆಂಟು ಸಾವಿರದ ಪ್ಯಾಕೇಜು" ಎಂದರೆ ಕಿವಿಗೆ ಹಿತವಾಗಿರುತ್ತದೆ. ಅದನ್ನು ಬಿಡಿಸಿ ನೋಡಬೇಕು. ಮೂಲ ಸಂಬಳ ತಿಂಗಳಿಗೆ 15,000 ಇದ್ದರೆ, ಸಂಸ್ಥೆ ಕಟ್ಟುವ ಪಿಎಫ್, ಇಎಸ್‌ಐ, ಗ್ರಾಚ್ಯುಟಿಯ ಪಾಲು ಸೇರಿ ಕಾಗದದ ಮೇಲೆ 18,000 ಚಿಲ್ಲರೆ ಆಗುತ್ತದೆ. ಉದ್ಯೋಗಿಯ ಪಾಲಿನ ಪಿಎಫ್ 1,800, ಇಎಸ್‌ಐ ನೂರ ಹದಿಮೂರು ಕಳೆದರೆ ಕೈಗೆ ಬರುವುದು 13,087. ಅದರಲ್ಲಿ 7,136ರ ಕಂತು ಕಟ್ಟಿದರೆ ಉಳಿಯುವುದು ಆರು ಸಾವಿರಕ್ಕೂ ಕಡಿಮೆ. ಬೆಂಗಳೂರಿನಲ್ಲಿ ಅಷ್ಟರಲ್ಲೇ ಪಿಜಿ ಬಾಡಿಗೆ, ಬಸ್ಸು, ಊಟ, ಊರಿಗೆ ಹೋಗಿಬರುವ ಖರ್ಚು ಎಲ್ಲವೂ ತೂಗಬೇಕು. ಪಿಎಫ್ ಅವಳದೇ ಉಳಿತಾಯ, ನಿಜ. ಆದರೆ ಅದು ಈ ತಿಂಗಳ ಕಂತಿಗೆ ಒದಗುವುದಿಲ್ಲ.

ಅಮೆರಿಕದಲ್ಲಿ ಈ ತೂಕ ನೋಡುವ ಕೆಲಸವನ್ನು ಸರ್ಕಾರ ಕೆಲವು ಬಗೆಯ ಕಾಲೇಜುಗಳ ಮಟ್ಟಿಗೆ ತಾನೇ ಹೊತ್ತಿದೆ. ಲಾಭಕ್ಕೆ ನಡೆಯುವ ಸಂಸ್ಥೆಗಳ ಕೋರ್ಸ್ ಮುಗಿಸಿದವರ ವರ್ಷದ ಸಾಲದ ಕಂತು ಅವರ ವರ್ಷದ ದುಡಿಮೆಯ ಶೇ 8ರೊಳಗೆ ಇರಬೇಕು, ಇಲ್ಲವೇ ಬದುಕಿನ ಮೂಲ ಖರ್ಚು ಕಳೆದು ಮಿಕ್ಕ ಹಣದ ಶೇ 20ರೊಳಗೆ ಇರಬೇಕು ಎಂಬ ನಿಯಮವನ್ನು 2014ರಲ್ಲಿ ತಂದರು. 2019ರಲ್ಲಿ ಕೈಬಿಟ್ಟರು, 2023ರಲ್ಲಿ ಮತ್ತೆ ತಂದರು. ನಮ್ಮ ಹಾಳೆಯ ಮೇಲಿನ ಕಂತು ಒಟ್ಟು ಸಂಬಳದ ಶೇ 47 ದಾಟಿತ್ತು. ಹದಿನೈದು ವರ್ಷಕ್ಕೆ ಹಿಗ್ಗಿಸಿದರೂ ಸುಮಾರು ಶೇ 39. ಆ ದೇಶದ ಅಳತೆಗೋಲು ನಮಗೆ ಹಾಗೇ ಒಗ್ಗಬೇಕೆಂದಿಲ್ಲ. ಆದರೆ ಓದಿದವರ ಸಾಲ ಮತ್ತು ದುಡಿಮೆ ಎರಡನ್ನೂ ಕಾಲೇಜು ಬಚ್ಚಿಡಬಾರದು ಎಂಬ ಮಾತು ನಮ್ಮಲ್ಲೂ ನಿಯಮವಾಗಬೇಕು. ಹಾಗಾಗುವವರೆಗೆ ಆ ಅಂಕಿಯನ್ನು ಮನೆಯವರೇ ಹುಡುಕಿ ತರಬೇಕು.

ನಾನು ಹೇಳುವ ಮಿತಿ ಸರಳ: ಮೊದಲ ಸಂಬಳದಲ್ಲಿ ಕೈಗೆ ಬರುವ ಹಣದ ಐದನೇ ಒಂದು ಪಾಲಿಗಿಂತ ಕಂತು ಮೀರಬಾರದು. 13,000ಕ್ಕೆ ಅದು 2,600 ರೂಪಾಯಿ. ಹತ್ತು ವರ್ಷದ ಕಂತೆಂದು ಹಿಡಿದು ಲೆಕ್ಕವನ್ನು ಹಿಂದಿನಿಂದ ಮಾಡಿದರೆ ನಾಲ್ಕೂ ವರ್ಷಕ್ಕೆ ಸೇರಿ ತೆಗೆಯಬಹುದಾದ ಸಾಲ ಒಂದೂವರೆ ಲಕ್ಷದ ಒಳಗೇ ನಿಲ್ಲುತ್ತದೆ. "ಅಷ್ಟೇನಾ?" ಎಂದರು ಅಪ್ಪ. ಅಷ್ಟೇ.

ಎಲ್ಲ ಕೋರ್ಸಿನ ದುಡಿಮೆಯೂ ಒಂದೇ ರೀತಿ ಏರುವುದಿಲ್ಲ. ಫಿಸಿಯೋಥೆರಪಿಯವರಿಗೆ ಮೊದಲ ವರ್ಷಗಳು ಬಿಗಿ. ಕೈಗುಣ ಊರಿಗೆ ಗೊತ್ತಾದ ಮೇಲೆ ಸಣ್ಣ ಕೋಣೆ, ಒಂದೆರಡು ಯಂತ್ರ ಇಟ್ಟುಕೊಂಡು, ಪಾರ್ಶ್ವವಾಯು ಹೊಡೆದವರ ಮನೆಮನೆಗೆ ಹೋಗಿ ಸ್ವಂತವಾಗಿ ದುಡಿಯಬಹುದು. ಪರ್ಫ್ಯೂಷನ್ ಕಲಿತವರು ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಹಾರ್ಟ್-ಲಂಗ್ ಯಂತ್ರ ನಡೆಸುತ್ತಾರೆ. ಕೆಲಸಕ್ಕೆ ಬೆಲೆ ಇದೆ, ಆದರೆ ಅಂಥ ಆಸ್ಪತ್ರೆ ಇರುವ ಊರಲ್ಲೇ ಬದುಕಬೇಕು. ಡಯಾಲಿಸಿಸ್ ಕಲಿತವರಿಗೆ ತಾಲ್ಲೂಕು ಕೇಂದ್ರಗಳಲ್ಲೂ ಜಾಗವಿದೆ. ಕರಾವಳಿಯ ಮಕ್ಕಳು ಕಣ್ಣಿಡುವುದು ಗಲ್ಫ್ ಮೇಲೆ. ಅಲ್ಲಿ ಪರವಾನಗಿ ಪರೀಕ್ಷೆ, ಪ್ರಮಾಣಪತ್ರಗಳ ತನಿಖೆ, ಅನುಭವ ಎಲ್ಲವನ್ನೂ ಕೇಳುತ್ತಾರೆ. ಆ ಅನುಭವ ಗಳಿಸುವ ವರ್ಷಗಳಲ್ಲೇ ಇಲ್ಲಿ ಕಂತು ಶುರುವಾಗಿರುತ್ತದೆ. ಕಡಿಮೆ ಸಂಬಳಕ್ಕಾದರೂ ದೊಡ್ಡ ಆಸ್ಪತ್ರೆಯಲ್ಲಿ ಎರಡು ವರ್ಷ ಕಲಿತವರು ಮುಂದೆ ಮೇಲೆ ಬರುತ್ತಾರೆ. ಭಾರದ ಕಂತು ಇದ್ದವರು ಆ ಎರಡು ವರ್ಷ ಕಾಯಲಾರರು, ಸಾವಿರ ರೂಪಾಯಿ ಹೆಚ್ಚು ಕೊಡುವ ಮೂಲೆಯ ಲ್ಯಾಬಿಗೆ ಸೇರಿಬಿಡುತ್ತಾರೆ. ಸಾಲ ಜೇಬಿನ ಹಣವನ್ನಷ್ಟೇ ಅಲ್ಲ, ಕಲಿಯುವ ಕಾಲವನ್ನೂ ತಿನ್ನುತ್ತದೆ. ನನ್ನ ದೊಡ್ಡ ತಕರಾರು ಇದೇ.

ಮಾರನೆಯ ವಾರ ಹುಡುಗಿಯನ್ನು ಪರಿಚಯದ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ. ಬೆಳಗಿನ ಏಳು ಗಂಟೆ, ಖಾಲಿ ಹೊಟ್ಟೆಯವರ ಸಾಲು. ಇಪ್ಪತ್ತೈದು ದಾಟದ ತಂತ್ರಜ್ಞೆಯೊಬ್ಬಳು ಅಜ್ಜಿಯ ತೋಳಿನಲ್ಲಿ ನರ ಹುಡುಕುತ್ತಿದ್ದಳು. ಒಂದೇ ಚುಚ್ಚಿಗೆ ರಕ್ತ ಬಂತು. ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬು. ಅದರಲ್ಲಿ ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ, ಗೆರೆಗೆ ಸರಿಯಾಗಿ ತುಂಬಬೇಕು, ಕಡಿಮೆಯಾದರೆ ಫಲಿತಾಂಶವೇ ತಪ್ಪು. ರಕ್ತಕಣಗಳ ಎಣಿಕೆಗೆ ನೇರಳೆ ಮುಚ್ಚಳದ್ದು, ಸಕ್ಕರೆಗೆ ಬೂದು. ಒಂದೊಂದನ್ನೂ ಜೋರಾಗಿ ಅಲುಗಿಸದೆ, ಮೆಲ್ಲಗೆ ಕೆಲವು ಸಲ ತಲೆಕೆಳಗು ಮಾಡುತ್ತಿದ್ದಳು. ಜೋರು ಮಾಡಿದರೆ ಕಣಗಳು ಒಡೆಯುತ್ತವೆಯಂತೆ. ಡಾಕ್ಟರು ಬರೆಯುವ ಔಷಧ ಈ ಕೈಗಳನ್ನು ನಂಬಿ ಬರೆದದ್ದು. ಇಂಥ ಕೆಲಸಕ್ಕೆ ಸಿಗುವ ಸಂಬಳ ಅದರ ಯೋಗ್ಯತೆಗೆ ತಕ್ಕದ್ದಲ್ಲ. ಓದನ್ನು ಬೇಡವೆನ್ನಲು ಇದನ್ನು ಹೇಳುತ್ತಿಲ್ಲ. ಸಂಬಳ ಸರಿಹೋಗುವ ದಿನದವರೆಗೆ ಆ ಕೊರತೆಯನ್ನು ಹದಿನೆಂಟರ ಹುಡುಗಿಯ ಸಾಲ ತುಂಬಬಾರದು ಎಂದು ಹೇಳುತ್ತಿದ್ದೇನೆ.

ಹುಡುಗಿ ಅಲ್ಲಿದ್ದ ಇಂಟರ್ನ್ ಒಬ್ಬಳ ಬಳಿ ಮಾತಿಗೆ ನಿಂತಳು. ಇಂಟರ್ನ್‌ಶಿಪ್ಪಿಗೆ ಸ್ಟೈಪೆಂಡ್ ಉಂಟೇ, ಆ ವರ್ಷವೂ ಶುಲ್ಕ ಕೇಳುತ್ತಾರೆಯೇ, ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಹಿಂದಿನ ತಂಡದವರು ಎಲ್ಲಿದ್ದಾರೆ. ಸ್ಟೈಪೆಂಡ್ ಇಲ್ಲವೆಂದು ಇಂಟರ್ನ್ ಹೇಳಿದಳು. ತಮ್ಮ ಪಕ್ಕದ ಮೇಜಿನಲ್ಲಿರುವವರು ಪಿಯುಸಿ ಮೇಲೆ ಎರಡು ವರ್ಷದ ಡಿಪ್ಲೊಮಾ ಮಾಡಿದವರು, ಮೊದಲ ಸಂಬಳದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ ಎಂದೂ ಹೇಳಿದಳು. ಮುಂದೆ ಎಂಎಸ್ಸಿ, ಬೋಧನೆ, ಹೊರದೇಶ ಎಂಬ ಯೋಚನೆ ಇದ್ದರೆ ಪದವಿಯೇ ಬೇಕು. ಬೇಗ ದುಡಿಯಬೇಕಾದ ಮನೆಗೆ ಡಿಪ್ಲೊಮಾ ಕೀಳಲ್ಲ.

ಸಾಲ ಇಳಿಸುವ ದಾರಿಗಳನ್ನು ಆಮೇಲೆ ನೋಡಿದೆವು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಬಡ್ಡಿಯ ರಿಯಾಯಿತಿ ಇದೆ, ಆದರೆ ಅದು ರ‍್ಯಾಂಕಿಂಗ್ ನೋಡಿ ಆಯ್ದ ಸಂಸ್ಥೆಗಳಿಗೆ ಮಾತ್ರ. ಅವಳಿಗೆ ಸೀಟು ಕೊಡುತ್ತೇನೆಂದ ಕಾಲೇಜು ಆ ಪಟ್ಟಿಯಲ್ಲಿರಲಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೂ ಈ ಕೋರ್ಸುಗಳಿವೆ, ಶುಲ್ಕ ಬಹಳ ಕಡಿಮೆ. ಮಾತು, ಶ್ರವಣದ ಕಡೆ ಒಲವಿದ್ದವರಿಗೆ 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ರಾಜ್ಯದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ಹತ್ತು ತಿಂಗಳು ಹಣ ಬರುತ್ತದೆ. ಓದುವಾಗಲೇ ತಿಂಗಳ ಬಡ್ಡಿ ಕಟ್ಟುತ್ತಾ ಹೋದರೆ ನಾಲ್ಕು ಲಕ್ಷ ನಾಲ್ಕು ಲಕ್ಷವಾಗಿಯೇ ಉಳಿದು, ಹತ್ತು ವರ್ಷದ ಕಂತು 7,136ರಿಂದ 5,286ಕ್ಕೆ ಇಳಿಯುತ್ತದೆ. ಹೀಗೆ ಕಟ್ಟುವವರಿಗೆ ಬಡ್ಡಿ ದರದಲ್ಲಿ ಶೇ 1 ಕಡಿಮೆ ಮಾಡುವ ಬ್ಯಾಂಕುಗಳೂ ಇವೆ.

ಬೆಂಗಳೂರಿನ ಆ ಸೀಟನ್ನು ಅವರು ಬಿಟ್ಟರು. ಸೀಟು ಹಂಚಿಕೆಯ ಎರಡನೇ ಸುತ್ತಿನಲ್ಲಿ ಹುಡುಗಿಗೆ ಸರ್ಕಾರಿ ಕಾಲೇಜಿನ ಸೀಟು ಸಿಕ್ಕಿತು. ಊಟ, ವಸತಿಗೆಂದು ಮೊದಲ ವರ್ಷ ತೆಗೆದ ಸಾಲ 35,000. ಅದರ ಬಡ್ಡಿ ತಿಂಗಳಿಗೆ 292 ರೂಪಾಯಿ. ಡೇರಿಯ ಬಟವಾಡೆಯ ದಿನ ಅವಳ ತಾಯಿ ಆ ಹಣವನ್ನು ಬೇರೆ ತೆಗೆದಿಟ್ಟು ಬ್ಯಾಂಕಿಗೆ ಕಟ್ಟಿ ಬರುತ್ತಾರೆ.