ಕೈಗೆ ಬಂದದ್ದೆಷ್ಟು, ಮನೆಗೆ ಉಳಿದದ್ದೆಷ್ಟು?

ರೋಣ, ನರಗುಂದ, ಗಜೇಂದ್ರಗಡ ಭಾಗದವರಿಗೆ ದುಡಿಮೆ ಹುಡುಕಿಕೊಂಡು ಪಟ್ಟಣಕ್ಕೆ ಹೋಗುವುದು ಹೊಸದೇನಲ್ಲ. ಮಳೆ ಕೈಕೊಟ್ಟ ವರ್ಷ ಎರೆಹೊಲವನ್ನು ನಂಬಿ ಕೂರಲಾಗದು. ಹಿಂದೆ ಗಾರೆ ಕೆಲಸಕ್ಕೋ ಹೋಟೆಲ್ ಕೆಲಸಕ್ಕೋ ಹೋಗುತ್ತಿದ್ದ ಮನೆಯ ಹುಡುಗರಿಗೆ ಈಗ ಇನ್ನೊಂದು ದಾರಿ ಸಿಕ್ಕಿದೆ. ಕೈಯಲ್ಲೊಂದು ಮೊಬೈಲು, ಕೆಳಗೊಂದು ಬೈಕು ಇದ್ದರೆ ಸಾಕು, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಡೆಲಿವರಿ ಕೆಲಸ ಸಿಗುತ್ತದೆ. ನೀತಿ ಆಯೋಗದ 2022ರ ವರದಿಯಂತೆ 2020-21ರಲ್ಲೇ ದೇಶದಲ್ಲಿ ಇಂತಹ ಗಿಗ್ ಕಾರ್ಮಿಕರು 77 ಲಕ್ಷದಷ್ಟಿದ್ದರು.

‘ಮಗ ತಿಂಗಳಿಗೆ ಇಪ್ಪತ್ನಾಲ್ಕು ಸಾವಿರ ದುಡಿಯುತ್ತಾನೆ’ ಎಂದು ತಾಯಿ ಸಂತೋಷದಿಂದ ಹೇಳುತ್ತಾಳೆ. ಅದನ್ನೇ ನಂಬಿ ಚೀಟಿ ಹಾಕುತ್ತಾರೆ, ಮಗಳ ಮದುವೆಯ ಮಾತು ಎತ್ತುತ್ತಾರೆ. ಆದರೆ ಅದು ನಿಜವಾಗಿಯೂ ಸಂಬಳವೇ?

ಗಜೇಂದ್ರಗಡದ ನೇಕಾರರ ಮನೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆ ಮಾರಿದ ಹಣವೆಲ್ಲ ನೇಯ್ದವನ ಕೂಲಿಯಲ್ಲ. ಅದರಲ್ಲಿ ನೂಲಿನದೂ ಬಣ್ಣದ್ದೂ ಪಾಲಿದೆ. ಡೆಲಿವರಿ ಹುಡುಗನ ಹಣವೂ ಹಾಗೆಯೇ. ಅದರಲ್ಲಿ ಬೈಕಿನ ಪಾಲಿದೆ.

ಒಂದು ಲೆಕ್ಕ

ಉದಾಹರಣೆಗೆ, ಒಬ್ಬನು ತಿಂಗಳಿಗೆ 26 ದಿನ, ದಿನಕ್ಕೆ 80 ಕಿಲೋಮೀಟರ್ ಓಡಿಸುತ್ತಾನೆ ಎಂದಿಟ್ಟುಕೊಳ್ಳೋಣ. ಬೈಕು ಲೀಟರಿಗೆ 45 ಕಿಲೋಮೀಟರ್ ಕೊಟ್ಟು, ಪೆಟ್ರೋಲ್ ಬೆಲೆ 103 ರೂಪಾಯಿ ಇದ್ದರೆ ಪೆಟ್ರೋಲಿಗೇ ಸುಮಾರು 4,750 ರೂಪಾಯಿ ಬೇಕು. ಆಯಿಲ್, ಟಯರ್, ಬ್ರೇಕ್, ಸರ್ವಿಸಿಂಗ್ ಸೇರಿ 1,200. ಮೊಬೈಲ್ ರೀಚಾರ್ಜ್ 300. ವಿಮೆಗೆ ತಿಂಗಳ ಲೆಕ್ಕದಲ್ಲಿ 250. 90 ಸಾವಿರದ ಬೈಕು ಐದು ವರ್ಷಕ್ಕೆ ಸವೆದುಹೋದರೆ ತಿಂಗಳಿಗೆ 1,500 ರೂಪಾಯಿಯ ಸವಕಳಿ. ಒಟ್ಟು 8,000.

ಅಂದರೆ 24 ಸಾವಿರದಲ್ಲಿ ಉಳಿದದ್ದು 16 ಸಾವಿರ. ದಿನಕ್ಕೆ ಹತ್ತು ತಾಸು ದುಡಿದಿದ್ದರೆ ತಾಸಿಗೆ 92 ಎಂದು ಕಾಣುತ್ತಿದ್ದುದು 61 ರೂಪಾಯಿಗೆ ಇಳಿಯುತ್ತದೆ. ಪಟ್ಟಣದ ಕೋಣೆ ಬಾಡಿಗೆ, ಊಟ ಇನ್ನೂ ಇದರಲ್ಲಿ ಸೇರಿಲ್ಲ.

ತೆರಿಗೆಯ ಮಾತು

ಕಂಪನಿಗಳು ಈ ಹುಡುಗರನ್ನು ನೌಕರರೆಂದು ಕರೆಯುವುದಿಲ್ಲ, ‘ಪಾಲುದಾರರು’ ಎನ್ನುತ್ತವೆ. ಆದ್ದರಿಂದ ಪಿಎಫ್ ಇಲ್ಲ, ರಜೆಯ ಸಂಬಳವಿಲ್ಲ. ಗುತ್ತಿಗೆದಾರರಿಗೆ ಹಣ ಕೊಡುವಾಗ ಮುರಿಯುವಂತೆ, ವರ್ಷದ ಮೊತ್ತ ಒಂದು ಲಕ್ಷ ದಾಟಿದರೆ ಶೇಕಡಾ 1ರಂತೆ ಟಿಡಿಎಸ್ ಮುರಿಯಲಾಗುತ್ತದೆ. ಪ್ಯಾನ್ ಕೊಡದಿದ್ದರೆ, ಅಥವಾ ಆಧಾರ್ ಜೋಡಿಸದೆ ಅದು ನಿಷ್ಕ್ರಿಯವಾಗಿದ್ದರೆ ಶೇಕಡಾ 20ರಷ್ಟು ಹೋಗುತ್ತದೆ!

ಆದರೆ ಈ ಹಣ ಕಳೆದುಹೋದದ್ದಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂತಹ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ತಿಂಗಳಿಗೆ 24 ಸಾವಿರದಂತೆ ವರ್ಷಕ್ಕೆ 2,88,000 ಬಂದಿದ್ದರೆ ಮುರಿದುಕೊಂಡದ್ದು 2,880 ರೂಪಾಯಿ. ಒಂದು ಮಗುವಿನ ಶಾಲೆಯ ಪುಸ್ತಕ, ಸಮವಸ್ತ್ರಕ್ಕೆ ಆಗುವ ಹಣವದು. ರಿಟರ್ನ್ ಸಲ್ಲಿಸಿದರೆ ಅದು ಬ್ಯಾಂಕ್ ಖಾತೆಗೆ ಹಿಂತಿರುಗುತ್ತದೆ, ಸಲ್ಲಿಸದಿದ್ದರೆ ಸರಕಾರದ ಬಳಿಯೇ ಉಳಿಯುತ್ತದೆ. ‘ತೆರಿಗೆ ನಮ್ಮಂಥ ಬಡವರಿಗಲ್ಲ’ ಎಂದು ಸುಮ್ಮನಿರುವವರು ತಮ್ಮದೇ ಹಣವನ್ನು ಬಿಟ್ಟುಕೊಟ್ಟಂತೆ.

ಲೆಕ್ಕ ಕೇಳುವ ಹಕ್ಕು

ಲೆಕ್ಕ ಕೇಳುವುದು ಈ ನೆಲದವರಿಗೆ ಗೊತ್ತು. 1980ರ ಜುಲೈಯಲ್ಲಿ ನರಗುಂದದ ರೈತರು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತದ್ದು ಇಡೀ ರಾಜ್ಯವನ್ನು ಅಲುಗಾಡಿಸಿತು. ‘ಹೊಲಕ್ಕೆ ಸಿಕ್ಕಿದ್ದೇನು, ನಮ್ಮಿಂದ ಕೇಳುವುದೇನು?’ ಎಂಬುದೇ ಅಂದಿನ ಪ್ರಶ್ನೆ.

ಇಂದು ಅಂಥದೇ ಪ್ರಶ್ನೆ ಕೇಳಲು ಕಾನೂನಿನ ಬೆಂಬಲವೂ ಇದೆ. ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯನ್ನು ಜಾರಿಗೆ ತಂದಿತು. ಕಾರ್ಮಿಕನಿಗೆ ಕೊಡುವ ಹಣದ ಲೆಕ್ಕದಲ್ಲಿ ಶೇಕಡಾ 1ರಿಂದ 5ರವರೆಗಿನ ಕಲ್ಯಾಣ ಶುಲ್ಕವನ್ನು ಕಂಪನಿ ನಿಧಿಗೆ ಕಟ್ಟಬೇಕು. ಕಾರ್ಮಿಕನ ಹಣದಲ್ಲಿ ಏನಾದರೂ ಮುರಿದರೆ ಕಾರಣ ತಿಳಿಸಬೇಕು. ಕೆಲಸದಿಂದ ತೆಗೆಯುವ ಮುನ್ನ 14 ದಿನಗಳ ನೋಟಿಸ್ ಕೊಡಬೇಕು. ಇದಕ್ಕೂ ಮೊದಲು, 2023ರಲ್ಲಿ, ರಾಜ್ಯ ಸರಕಾರ ಜೀವವಿಮೆ 2 ಲಕ್ಷ, ಅಪಘಾತ ವಿಮೆ 2 ಲಕ್ಷದ ಯೋಜನೆಯನ್ನು ಘೋಷಿಸಿತ್ತು. ಇಂತಹ ಸೌಲಭ್ಯಗಳು ನೋಂದಣಿ ಮಾಡಿಸಿಕೊಂಡವರಿಗೆ ಮಾತ್ರ ದಕ್ಕುತ್ತವೆ. ಹೆಸರು ಎಲ್ಲೂ ದಾಖಲಾಗದ ಹುಡುಗ ರಸ್ತೆಯಲ್ಲಿ ಬಿದ್ದರೆ ಆಸ್ಪತ್ರೆಯ ಬಿಲ್ಲು ತಾಯಿಯ ಬಳೆಯನ್ನೇ ಹುಡುಕಿಕೊಂಡು ಬರುತ್ತದೆ.

ಸಹೋದರಿಯರೇ, ಮನೆಯ ಲೆಕ್ಕ ಹಿಡಿಯುವವರು ನೀವು. ಮಗ ಫೋನ್ ಮಾಡಿದಾಗ ‘ಊಟ ಆಯಿತೇನಪ್ಪಾ?’ ಎಂದು ಕೇಳಿದ ಮೇಲೆ ಇನ್ನು ಕೆಲವನ್ನೂ ಕೇಳಿರಿ. ಪೆಟ್ರೋಲಿಗೆ ಎಷ್ಟು ಹೋಯಿತು? ಪ್ಯಾನ್, ಆಧಾರ್ ಜೋಡಣೆ ಆಗಿದೆಯೇ? ಇ-ಶ್ರಮ್ ಕಾರ್ಡ್ ಮಾಡಿಸಿದ್ದೀಯಾ? ಕಳೆದ ವರ್ಷದ ರಿಟರ್ನ್ ಸಲ್ಲಿಸಿದೆಯಾ? ಬೈಕಿನ ಸವಕಳಿಗೆಂದು ತಿಂಗಳಿಗೆ ಸಾವಿರ, ಒಂದೂವರೆ ಸಾವಿರ ಬೇರೆ ತೆಗೆದಿಡುವಂತೆ ಹೇಳಿರಿ. ಇಲ್ಲದಿದ್ದರೆ ಐದು ವರ್ಷಗಳ ಬಳಿಕ ಬೈಕು ಮೂಲೆ ಸೇರಿದಾಗ ಮತ್ತೆ ಸಾಲದ ಬಾಗಿಲು ತಟ್ಟಬೇಕಾಗುತ್ತದೆ.

ಮದುವೆಯ ಮಾತಾಗಲಿ, ಮನೆ ಕಟ್ಟುವ ಮಾತಾಗಲಿ, 24 ಸಾವಿರವನ್ನು ನಂಬಿ ಆಡುವುದು ಬೇಡ. 16 ಸಾವಿರದ ಮೇಲೆ ಆಡೋಣ.