‘ಸೆಟ್ ಆಗುತ್ತೆ ಬಿಡಿ ಸರ್’: ಹೊಸ ಗಾಡಿಯಲ್ಲಿ ಯಾವುದು ಸಹಜ, ಯಾವುದು ದೋಷ?

ಎರಡು ವರ್ಷದ ಹಿಂದೆ ಅಪ್ಪ ತಮ್ಮ ನಿವೃತ್ತಿಯ ಹಣದಲ್ಲಿ ಒಂದು ಪೆಟ್ರೋಲ್ ಕಾರು ಕೊಂಡರು. ಪೂಜೆ ಮಾಡಿಸಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು ಮನೆಗೆ ತಂದದ್ದಾಯಿತು. ಎರಡನೇ ವಾರದಲ್ಲಿ, ಹೆದ್ದಾರಿಯಲ್ಲಿ ಸ್ಟೀರಿಂಗ್ ಸ್ವಲ್ಪ ಸಡಿಲ ಹಿಡಿದರೆ ಕಾರು ಎಡಕ್ಕೆ ಎಳೆಯತೊಡಗಿತು. ಪಕ್ಕದ ಮನೆಯವರು ದೃಷ್ಟಿ ಬಿದ್ದಿದೆ ಎಂದರು. ಅತ್ತೆ, ಡೆಲಿವರಿ ತಂದ ದಿನವೇ ಸರಿ ಇರಲಿಲ್ಲ ಎಂದರು. ಶೋರೂಮಿನವರು ಮಾತ್ರ ನಗುತ್ತಾ, “ಹೊಸ ಗಾಡಿ ಅಲ್ವಾ ಸರ್, ಒಂದು ಸಾವಿರ ಕಿಲೋಮೀಟರ್ ಓಡಿಸಿ, ಸೆಟ್ ಆಗುತ್ತೆ” ಎಂದು ಕಳುಹಿಸಿದರು.

ಹೊಸ ಗಾಡಿ ಕೊಂಡ ಬಹಳಷ್ಟು ಜನ ಈ ಮಾತನ್ನು ಕೇಳಿರುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಕೆಲವು ತೊಂದರೆಗಳು ನಿಜವಾಗಿಯೂ ಸೆಟ್ ಆಗುತ್ತವೆ. ಆದರೆ ಸೆಟ್ ಆಗದವುಗಳಿಗೂ ಅದೇ ಉತ್ತರ ಸಿಕ್ಕಾಗ ವಾರಂಟಿಯ ದಿನಗಳು ಸುಮ್ಮನೆ ಕಳೆದುಹೋಗುತ್ತವೆ.

ಹೊಸದೇ ಆದರೂ ಯಾಕೆ ಕೆಡುತ್ತದೆ?

ಯಂತ್ರಗಳು ಹಳೆಯದಾದ ಮೇಲೆ ಮಾತ್ರ ಕೆಡುತ್ತವೆ ಎಂದು ನಾವು ಭಾವಿಸುತ್ತೇವೆ. ಎಂಜಿನಿಯರುಗಳು ಹೇಳುವುದು ಬೇರೆ. ಯಂತ್ರದ ಆಯುಷ್ಯದುದ್ದಕ್ಕೂ ಅದು ಕೆಡುವ ಸಾಧ್ಯತೆಯನ್ನು ಗೆರೆಯಾಗಿ ಎಳೆದರೆ, ಅದು ಸ್ನಾನದ ತೊಟ್ಟಿಯ ಆಕಾರದಲ್ಲಿರುತ್ತದೆ. ಇದಕ್ಕೆ ‘ಬಾತ್‌ಟಬ್ ಕರ್ವ್’ ಎಂದೇ ಹೆಸರು. ಆರಂಭದಲ್ಲಿ ಹೆಚ್ಚು, ನಡುವೆ ಬಹುಕಾಲ ಕಡಿಮೆ, ಕೊನೆಗೆ ಸವೆತದಿಂದ ಮತ್ತೆ ಹೆಚ್ಚು. ಒಂದು ಕಾರಿನಲ್ಲಿ ಸಾವಿರಾರು ಬಿಡಿಭಾಗಗಳಿರುತ್ತವೆ. ಅವುಗಳಲ್ಲಿ ಒಂದು ದುರ್ಬಲ ಸೆನ್ಸರ್, ಸರಿಯಾಗಿ ಕೂರದ ಒಂದು ಕನೆಕ್ಟರ್, ಬಿಗಿ ಸಾಲದ ಒಂದು ಬೋಲ್ಟ್ ಇದ್ದರೆ ಅದು ಮೊದಲ ಕೆಲವು ತಿಂಗಳಲ್ಲೇ ಹೊರಬೀಳುತ್ತದೆ. ದೃಷ್ಟಿಯೂ ಕಾರಣವಲ್ಲ, ಮುಹೂರ್ತವೂ ಕಾರಣವಲ್ಲ.

ನಿಜಕ್ಕೂ ಸೆಟ್ ಆಗುವಂಥವು

ಹೊಸ ಎಂಜಿನ್‌ನಲ್ಲಿ ಪಿಸ್ಟನ್ ರಿಂಗುಗಳು ಮತ್ತು ಸಿಲಿಂಡರ್ ಗೋಡೆ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳಬೇಕು. ಹಾಗಾಗಿಯೇ ಮೊದಲ ಸಾವಿರ ಕಿ.ಮೀ. ಆಸುಪಾಸಿನವರೆಗೆ ಎಕ್ಸಲರೇಟರ್ ಪೂರ್ತಿ ಒತ್ತಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ ಎನ್ನುತ್ತಾರೆ. ಈ ಅವಧಿಯಲ್ಲಿ ಮೈಲೇಜ್ ತುಸು ಕಡಿಮೆ ಸಿಗುವುದು ಸಹಜ. ಹೊಸ ಬ್ರೇಕ್ ಪ್ಯಾಡ್‌ಗಳೂ ಡಿಸ್ಕ್‌ಗೆ ಹೊಂದಿಕೊಳ್ಳಲು ಕೆಲವು ನೂರು ಕಿ.ಮೀ. ಬೇಕು.

ಇನ್ನು ಕೆಲವು ದೋಷಗಳೇ ಅಲ್ಲ. ಮಳೆಯಲ್ಲಿ ನಿಂತ ಗಾಡಿಯ ಡಿಸ್ಕ್ ಮೇಲೆ ತೆಳುವಾಗಿ ತುಕ್ಕು ಹಿಡಿದು, ಬೆಳಿಗ್ಗೆ ಮೊದಲ ಒಂದೆರಡು ಬ್ರೇಕಿಗೆ ಕರಕರ ಎನ್ನುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ಬರುವ ಟಿಕ್ ಟಿಕ್ ಸದ್ದು, ಸೈಲೆನ್ಸರ್ ಭಾಗದ ಲೋಹ ತಣ್ಣಗಾಗುವುದರದ್ದು. ಎಸಿ ಹಾಕಿದಾಗ ಕೆಳಗೆ ತೊಟ್ಟಿಕ್ಕುವುದು ಬರೀ ನೀರು. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬಂದು ಬೇಗ ಮಾಯವಾಗುವ ಬಿಳಿ ಹೊಗೆ ನೀರಾವಿ.

ಬಿಎಸ್6 ಡೀಸೆಲ್ ಗಾಡಿಗಳದ್ದು ಇನ್ನೊಂದು ಕತೆ. ಇವುಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದರಲ್ಲಿ ತುಂಬಿದ ಮಸಿ ಉರಿದುಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ದಿನಾ ಎರಡು ಮೂರು ಕಿ.ಮೀ. ಮಾತ್ರ ಓಡಿಸಿದರೆ ಆ ಬಿಸಿ ಬರುವುದೇ ಇಲ್ಲ, ಡಿಪಿಎಫ್ ದೀಪ ಹೊತ್ತಿಕೊಳ್ಳುತ್ತದೆ. ಆರಂಭದಲ್ಲೇ ಮ್ಯಾನ್ಯುಯಲ್ ಹೇಳಿದಂತೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ಕಡೆಗಣಿಸಿದರೆ ಫಿಲ್ಟರ್ ಪೂರ್ತಿ ಕಟ್ಟಿಕೊಂಡು ದೊಡ್ಡ ಖರ್ಚಿಗೆ ದಾರಿ.

ಎಂದೂ ಸೆಟ್ ಆಗದಂಥವು

ಬ್ರೇಕ್ ಪೆಡಲ್ ಮೆತ್ತಗೆ ಒಳಗಿಳಿಯುವುದು, ಪೆಟ್ರೋಲ್ ವಾಸನೆ, ಸುಟ್ಟ ವೈರಿನ ವಾಸನೆ, ಆಯಿಲ್ ಅಥವಾ ಕೂಲೆಂಟ್ ಸೋರಿಕೆ, ಸ್ಟೀರಿಂಗ್ ಬಿಗಿಯಾಗುವುದು, ಓಡುತ್ತಿರುವಾಗಲೇ ಎಂಜಿನ್ ನಿಲ್ಲುವುದು, ಇವು ಓಡಿಸುತ್ತ ಹೋದರೆ ಸರಿಯಾಗುವುದಿಲ್ಲ. ಡ್ಯಾಶ್‌ಬೋರ್ಡಿನ ಹಳದಿ ದೀಪದ ಅರ್ಥ ‘ಬೇಗ ತೋರಿಸಿ’. ಕೆಂಪು ದೀಪದ ಅರ್ಥ ‘ಈಗಲೇ ನಿಲ್ಲಿಸಿ’. ಆಯಿಲ್ ಪ್ರೆಷರ್‌ನ ಕೆಂಪು ದೀಪ ಹೊತ್ತಿದ ಮೇಲೂ ಓಡಿಸಿದರೆ ನಿಮಿಷಗಳಲ್ಲೇ ಎಂಜಿನ್ ಹಾಳಾಗಬಹುದು. ಆಮೇಲೆ ಅದು ನಿಮ್ಮದೇ ನಿರ್ಲಕ್ಷ್ಯ ಎಂಬ ವಾದಕ್ಕೂ ಎಡೆಯಾಗುತ್ತದೆ. ಇಂಥ ಹೊತ್ತಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಕರೆ ಮಾಡಿ ಗಾಡಿಯನ್ನು ಟೋ ಮಾಡಿಸಿ.

ಅಪ್ಪನ ಕಾರಿಗೆ ಆಗಿದ್ದೇನು?

ಎಡಕ್ಕೆ ಎಳೆಯುವುದರಲ್ಲೂ ಸಹಜವಾದದ್ದು ಒಂದಿದೆ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಮಾಡಿರುತ್ತಾರೆ. ಎಡಬದಿಯಲ್ಲಿ ಓಡುವ ನಮ್ಮ ಗಾಡಿಗಳು ಸ್ವಲ್ಪ ಎಡಕ್ಕೆ ವಾಲುತ್ತವೆ. ಆದರೆ ಅಪ್ಪನ ಕಾರು ಸಮತಟ್ಟು ರಸ್ತೆಯಲ್ಲೂ ಎಳೆಯುತ್ತಿತ್ತು. ಗಾಳಿಯ ಒತ್ತಡ, ವೀಲ್ ಅಲೈನ್‌ಮೆಂಟ್ ಎರಡೂ ಸರಿ ಇದ್ದವು. ಕೊನೆಗೆ ಮೂರನೇ ಭೇಟಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿದರು. ಕಾರು ಬಲಕ್ಕೆ ಎಳೆಯಿತು! ಅಂದರೆ ತಪ್ಪು ಸಸ್ಪೆನ್ಷನ್‌ನದ್ದಲ್ಲ, ಒಂದು ಟೈರಿನ ಒಳರಚನೆಯದ್ದು. ಆ ಟೈರ್ ಬದಲಾಯಿಸಿದ ಮೇಲೆ ತೊಂದರೆ ಮತ್ತೆ ಬರಲಿಲ್ಲ.

ಆದರೆ ಮೊದಲ ಎರಡು ಭೇಟಿಗೆ ನಮ್ಮ ಬಳಿ ಯಾವ ದಾಖಲೆಯೂ ಇರಲಿಲ್ಲ. “ಸುಮ್ಮನೆ ನೋಡ್ತೀವಿ ಸರ್” ಎಂದು ಜಾಬ್ ಕಾರ್ಡ್ ಮಾಡದೆ ಕಳುಹಿಸಿದ್ದರು. ತೊಂದರೆ ಇನ್ನೂ ದೊಡ್ಡದಾಗಿದ್ದರೆ, ಅದು ಎರಡನೇ ವಾರದಿಂದಲೇ ಇತ್ತು ಎಂದು ತೋರಿಸಲು ಅಪ್ಪನ ಮಾತು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ವಾರಂಟಿ ಕುರಿತ ಮೂರು ತಪ್ಪು ನಂಬಿಕೆಗಳು

‘ವಾರಂಟಿಯಲ್ಲಿ ಎಲ್ಲವೂ ಸೇರಿರುತ್ತದೆ.’ ಇಲ್ಲ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್‌ನಂಥ ಸವೆಯುವ ಭಾಗಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಟೈರ್ ಮತ್ತು ಬ್ಯಾಟರಿಯ ವಾರಂಟಿ ಹೆಚ್ಚಾಗಿ ಅವುಗಳನ್ನು ತಯಾರಿಸಿದ ಕಂಪನಿಯದ್ದು. ಇಲಿ ಕಡಿದ ವೈರ್ ತಯಾರಿಕಾ ದೋಷವಲ್ಲ.

‘ಹೊಸ ಗಾಡಿ ಕೆಟ್ಟರೆ ಬೇರೆ ಗಾಡಿಯನ್ನೇ ಕೊಡಬೇಕು.’ ಕೆಟ್ಟ ಹೊಸ ಕಾರಿಗೆ ಅಮೆರಿಕದಲ್ಲಿ ‘ಲೆಮನ್’, ಅಂದರೆ ನಿಂಬೆಹಣ್ಣು ಎಂದೇ ಹೆಸರು. ಹಲವು ಸಲ ರಿಪೇರಿ ಮಾಡಿದರೂ ಸರಿಹೋಗದ ಕಾರಿಗೆ ಪರಿಹಾರ ಕೊಡಿಸುವ ‘ಲೆಮನ್ ಕಾನೂನು’ ಅಲ್ಲಿನ ಕನೆಕ್ಟಿಕಟ್ ರಾಜ್ಯದಲ್ಲಿ 1982ರಲ್ಲೇ ಬಂತು. ಭಾರತದಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಕ್ಲಚ್ ತೊಂದರೆಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ವಾರಂಟಿಯಲ್ಲಿ ದೋಷವಿರುವ ಭಾಗ ಬದಲಿಸುತ್ತೇವೆ ಎಂದಷ್ಟೇ ಇದ್ದರೆ ಇಡೀ ಕಾರು ಬದಲಿಸಬೇಕೆಂದು ಆದೇಶಿಸಲಾಗದು ಎಂದಿತು.

‘ಡೀಲರ್ ಒಪ್ಪದಿದ್ದರೆ ಮುಗಿಯಿತು.’ ಮುಗಿಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷ ಸಾಬೀತಾದರೆ ಅದನ್ನು ಸರಿಪಡಿಸಲು, ವಸ್ತು ಬದಲಿಸಲು, ಹಣ ಹಿಂತಿರುಗಿಸಲು ಅಥವಾ ಪರಿಹಾರ ಕೊಡಲು ಗ್ರಾಹಕ ಆಯೋಗ ಆದೇಶಿಸಬಹುದು.

ಹಾಗಾದರೆ ಏನು ಮಾಡಬೇಕು?

1. ಪ್ರತಿ ಭೇಟಿಗೂ ಜಾಬ್ ಕಾರ್ಡ್ ಮಾಡಿಸಿ. ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ. ‘ಜನರಲ್ ಚೆಕಪ್’ ಎಂದು ಬರೆದರೆ ಸಹಿ ಹಾಕಬೇಡಿ.

2. ತೊಂದರೆ ಯಾವಾಗ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ: ಎಷ್ಟು ವೇಗ, ಎಂಜಿನ್ ತಣ್ಣಗಿತ್ತೇ ಬಿಸಿಯಿತ್ತೇ, ಓಡೋಮೀಟರ್ ಎಷ್ಟಿತ್ತು. ಸದ್ದು ಅಥವಾ ದೀಪದ ವಿಡಿಯೋ ಮಾಡಿ. ಸರ್ವಿಸ್ ಸೆಂಟರಿನಲ್ಲಿ ಸದ್ದು ಬಾರದಿದ್ದರೆ ಮೆಕ್ಯಾನಿಕ್ ಅವರನ್ನು ಪಕ್ಕ ಕೂರಿಸಿಕೊಂಡು ಒಂದು ಸುತ್ತು ಹೋಗಿ.

3. ಎಚ್ಚರಿಕೆ ದೀಪ ಬಂದಿದ್ದರೆ ಸ್ಕ್ಯಾನ್ ಮಾಡಿದ ಕೋಡ್‌ಗಳ ಪ್ರತಿ ಕೇಳಿ. ಕೋಡ್ ಅಳಿಸಿ ದೀಪ ಆರಿಸುವುದು ರಿಪೇರಿಯಲ್ಲ.

4. ಮೊದಲ ಸರ್ವಿಸ್ ತಪ್ಪಿಸಬೇಡಿ. ಹೊರಗಿನವರಿಂದ ವೈರ್ ಕತ್ತರಿಸಿ ಹಾರನ್, ಲೈಟ್ ಹಾಕಿಸಬೇಡಿ. ವಾರಂಟಿ ನಿರಾಕರಿಸಲು ಇವೇ ನೆಪವಾಗುತ್ತವೆ.

5. ಅದೇ ತೊಂದರೆ ಮರುಕಳಿಸಿದರೆ ಡೀಲರ್ ಜೊತೆಗೆ ತಯಾರಕ ಕಂಪನಿಗೂ ಇಮೇಲ್ ಮಾಡಿ. ನಿಮ್ಮ ಗಾಡಿಯ ಚಾಸಿ ಸಂಖ್ಯೆ ರೀಕಾಲ್ ಪಟ್ಟಿಯಲ್ಲಿದೆಯೇ ಎಂದು ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ. ರೀಕಾಲ್ ರಿಪೇರಿಗೆ ಹಣ ಕೊಡಬೇಕಿಲ್ಲ.

6. ಆಗಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನಂತರದ ದಾರಿ ಜಿಲ್ಲಾ ಗ್ರಾಹಕ ಆಯೋಗ. 50 ಲಕ್ಷ ರೂ.ವರೆಗೆ ಕೊಟ್ಟು ಕೊಂಡ ಗಾಡಿಯ ದೂರು ಅಲ್ಲೇ ನಡೆಯುತ್ತದೆ. ಕೊಟ್ಟ ಬೆಲೆ 5 ಲಕ್ಷ ರೂ. ಒಳಗಿದ್ದರೆ ಶುಲ್ಕವಿಲ್ಲ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆದರೆ ತಕರಾರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಹೊಟ್ಟೆಪಾಡಿಗಾಗಿ ಸ್ವತಃ ಓಡಿಸುವ ಆಟೋ, ಟ್ಯಾಕ್ಸಿ ಚಾಲಕರೂ ಕಾನೂನಿನ ಕಣ್ಣಲ್ಲಿ ಗ್ರಾಹಕರೇ. ದೋಷ ತಯಾರಿಕೆಯದ್ದೇ ಎಂಬ ಬಗ್ಗೆ ತಕರಾರು ಬಂದರೆ ತಜ್ಞರ ವರದಿ ಮುಖ್ಯವಾಗುತ್ತದೆ. ಅದಕ್ಕೆ ಆಧಾರವಾಗುವುದು ನೀವು ಮೊದಲ ದಿನದಿಂದ ಕೂಡಿಟ್ಟ ಜಾಬ್ ಕಾರ್ಡ್‌ಗಳೇ.

ಅಪ್ಪ ಈಗಲೂ ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಅದು ಅವರ ಸಮಾಧಾನ. ಆದರೆ ಕಾರಿನ ಗ್ಲವ್‌ಬಾಕ್ಸಿನಲ್ಲಿ ಈಗ ಒಂದು ಫೈಲ್ ಕೂಡ ಇದೆ, ಪ್ರತಿ ಭೇಟಿಯ ಕಾಗದವೂ ಅದರಲ್ಲಿದೆ. ಯಾರಾದರೂ “ಸೆಟ್ ಆಗುತ್ತೆ ಸರ್” ಎಂದರೆ ಅವರು ಶಾಂತವಾಗಿ, “ಸರಿ, ಅದನ್ನೇ ಇದರಲ್ಲಿ ಬರೆದುಕೊಡಿ” ಎನ್ನುತ್ತಾರೆ.