ಶರೀರಶುದ್ಧಿಯೂ ಸೋರೆಕಾಯಿ ರಸವೂ

ಶರೀರದಲ್ಲಿ ಉಂಟಾಗುವ ಕಲ್ಮಷಗಳನ್ನು ಹೊರಹಾಕುವ ಕಾರ್ಯವು ಹಗಲಿರುಳೂ ತಾನಾಗಿಯೇ ನಡೆಯುತ್ತಿರುತ್ತದೆ. ಪ್ರೋಟೀನಿನ ವಿಘಟನೆಯಿಂದ ಹುಟ್ಟುವ ಅಮೋನಿಯವನ್ನು ಯಕೃತ್ತು ಯೂರಿಯಾ ಆಗಿ ಪರಿವರ್ತಿಸುತ್ತದೆ. ಅನೇಕ ಔಷಧಿಗಳನ್ನೂ ಮದ್ಯಸಾರವನ್ನೂ ವಿಸರ್ಜನೆಗೆ ಯೋಗ್ಯವಾದ ರೂಪಕ್ಕೆ ತರುತ್ತದೆ. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೆರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಬಿಡುತ್ತವೆ. ಆರೋಗ್ಯವಂತರಲ್ಲಿ ಈ ವ್ಯವಸ್ಥೆಗೆ ಪ್ರತ್ಯೇಕವಾದ ಶುದ್ಧಿಪಾನೀಯದ ಅವಶ್ಯಕತೆಯಿಲ್ಲ.

ಆದರೂ ಮುಂಜಾನೆ ಬರಿಹೊಟ್ಟೆಯಲ್ಲಿ ಹಸಿ ಸೋರೆಕಾಯಿಯ ರಸ ಕುಡಿಯುವ ಅಭ್ಯಾಸ ಅನೇಕರಲ್ಲಿದೆ. ದೆಹಲಿಯಲ್ಲಿ ಲೌಕಿ, ಮುಂಬಯಿಯಲ್ಲಿ ದೂಧಿ ಎಂದು ಕರೆಯಲ್ಪಡುವ ಈ ಕಾಯಿ ಪಲ್ಯಕ್ಕೂ ಸಾಂಬಾರಿಗೂ ಉತ್ತಮವಾದುದೇ. ಆದರೆ ಈ ಜಾತಿಯ ಸಸ್ಯಗಳು ಕೀಟಗಳಿಂದ ಆತ್ಮರಕ್ಷಣೆಗಾಗಿ ಕುಕುರ್ಬಿಟಾಸಿನ್ ಎಂಬ ವಿಷಪದಾರ್ಥವನ್ನು ತಯಾರಿಸಬಲ್ಲವು. ಸಾಮಾನ್ಯವಾಗಿ ಅತ್ಯಲ್ಪವಾಗಿರುವ ಅದು ಕೆಲವೊಮ್ಮೆ ಹೆಚ್ಚಾದಾಗ ಕಾಯಿ ಕಹಿಯಾಗುತ್ತದೆ. ನೋಟದಿಂದ ಇದು ತಿಳಿಯುವುದಿಲ್ಲ, ರುಚಿಯೊಂದೇ ಸೂಚನೆ. ಪಲ್ಯದಲ್ಲಿ ಕಹಿ ಹೋಳು ಸಿಕ್ಕರೆ ಉಗುಳುತ್ತೇವೆ. ರಸವನ್ನಾದರೋ 'ಕಹಿಯಾದರೂ ಔಷಧಿ' ಎಂದು ಒಂದೇ ಉಸಿರಿಗೆ ಕುಡಿದುಬಿಡುತ್ತೇವೆ. ಹಾಗಲಕಾಯಿಯ ರಸ ಬೆರೆಸಿದ್ದರೆ ಸೋರೆಯ ಕಹಿ ಗುರುತಿಗೇ ಬಾರದು.

2010ರಲ್ಲಿ ದೆಹಲಿಯಲ್ಲಿ ಇಂತಹ ರಸ ಸೇವಿಸಿದ ವಿಜ್ಞಾನಿಯೊಬ್ಬರು ಮೃತಪಟ್ಟರು. ತರುವಾಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯು ಈ ವಿಷಯವನ್ನು ಪರಿಶೀಲಿಸಿತು. ಹಿಂಡುವ ಮುನ್ನ ಕಾಯಿಯ ಸಣ್ಣ ತುಂಡನ್ನು ರುಚಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು, ಬೇರೆ ರಸದೊಡನೆ ಬೆರೆಸಬಾರದು ಎಂಬುದು ಸಮಿತಿಯ ಸಲಹೆ. ರಸ ಕುಡಿದ ಮೇಲೆ ಹೊಟ್ಟೆನೋವು, ವಾಂತಿ, ಭೇದಿ, ರಕ್ತವಾಂತಿ ಅಥವಾ ತಲೆಸುತ್ತು ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಇದಕ್ಕೆ ಪ್ರತಿವಿಷವಿಲ್ಲ, ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುವ ಚಿಕಿತ್ಸೆಯೇ ಆಧಾರ. ಮನೆಮದ್ದಿನಲ್ಲಿ ಕಾಲಹರಣ ಸಲ್ಲದು.

ಯಕೃತ್ತಿಗೂ ಮೂತ್ರಪಿಂಡಗಳಿಗೂ ನಿಜವಾಗಿ ನೆರವಾಗುವ ಆಹಾರ ನಿತ್ಯದ ಅಡುಗೆಮನೆಯಲ್ಲೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು 2000 ಕ್ಯಾಲೊರಿಯ ದೈನಂದಿನ ಆಹಾರದಲ್ಲಿ 400 ಗ್ರಾಂ ತರಕಾರಿ-ಸೊಪ್ಪು ಹಾಗೂ 100 ಗ್ರಾಂ ಹಣ್ಣು ಇರಬೇಕೆನ್ನುತ್ತದೆ. ಬೇಳೆಕಾಳುಗಳಿಂದ ದೊರೆಯುವ ಪ್ರೋಟೀನು ಯಕೃತ್ತಿನ ಕಾರ್ಯಕ್ಕೂ ಅವಶ್ಯಕ. ಮದ್ಯದಿಂದ ದೂರವಿರುವುದು ಯಾವ ಮಾತ್ರೆಗಿಂತಲೂ ಲೇಸು. ಮಾತ್ರೆಗಳೆಲ್ಲ ನಿರಪಾಯಕರವೆಂದು ಭಾವಿಸಲಾಗದು: ಮಿತಿಮೀರಿ ಸೇವಿಸಿದ ವಿಟಮಿನ್ 'ಎ' ಯಕೃತ್ತಿನಲ್ಲಿಯೇ ಶೇಖರವಾಗಿ ಅದನ್ನೇ ಕೆಡಿಸುತ್ತದೆ. ಮೂತ್ರಪಿಂಡದ ಕಾಯಿಲೆಯುಳ್ಳವರು ಹಣ್ಣಿನ ರಸ, ಎಳನೀರು, ಕುಡಿಯುವ ನೀರಿನ ಪ್ರಮಾಣವನ್ನು ಸಹ ವೈದ್ಯರನ್ನು ಕೇಳಿಯೇ ನಿರ್ಧರಿಸತಕ್ಕದ್ದು.